ಸೂಕ್ಷ್ಮ ತಯಾರಿಕೆ: ಸಣ್ಣ ಉದ್ದಿಮೆಗೆ ಇರುವ ದಾರಿ

ಅಪಘಾತವನ್ನು ಗ್ರಹಿಸಿ ಏರ್‌ಬ್ಯಾಗ್ ತೆರೆಸುವ ಸಂವೇದಕ, ರಕ್ತದೊತ್ತಡ ಮಾಪಕದೊಳಗಿನ ಒತ್ತಡ ಸಂವೇದಕ ಮುಂತಾದವು ಲೇತ್ ಅಥವಾ ಮಿಲ್ಲಿಂಗ್ ಯಂತ್ರದಲ್ಲಿ ತಯಾರಾಗುವುದಿಲ್ಲ. ಇವುಗಳ ಭಾಗಗಳ ಅಳತೆ ಮೈಕ್ರಾನ್‌ಗಳಲ್ಲಿರುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಅದರ ಸಾವಿರದ ಒಂದು ಭಾಗವೇ ನ್ಯಾನೋಮೀಟರ್. ತಲೆಗೂದಲಿನ ದಪ್ಪವೇ ಸುಮಾರು 50ರಿಂದ 100 ಮೈಕ್ರಾನ್.

ತಯಾರಿಕೆಯ ಕ್ರಮ

ಇಲ್ಲಿನ ಪ್ರಧಾನ ವಿಧಾನ ಫೋಟೋಲಿಥೋಗ್ರಫಿ. ವೇಫರ್ ಎಂದು ಕರೆಯಲಾಗುವ ಸಿಲಿಕಾನ್ ಬಿಲ್ಲೆಯ ಮೇಲೆ ಬೆಳಕಿಗೆ ಸ್ಪಂದಿಸುವ ಲೇಪವನ್ನು ತೆಳುವಾಗಿ ಹರಡಿ, ವಿನ್ಯಾಸವುಳ್ಳ ಮಾಸ್ಕ್‌ನ ಮೂಲಕ ನೇರಳಾತೀತ ಕಿರಣವನ್ನು ಹಾಯಿಸಲಾಗುತ್ತದೆ. ಬಳಿಕ ಲೇಪವನ್ನು ತೊಳೆದಾಗ ವಿನ್ಯಾಸ ಮೂಡುತ್ತದೆ. ಸ್ಕ್ರೀನ್ ಪ್ರಿಂಟಿಂಗ್‌ನ ಪರದೆ ಸಿದ್ಧಪಡಿಸುವವರಿಗೆ ಈ ತತ್ತ್ವ ಹೊಸದೆನಿಸದು. ಲೇಪವಿಲ್ಲದ ಭಾಗವನ್ನು ರಾಸಾಯನಿಕ ಅಥವಾ ಪ್ಲಾಸ್ಮಾದಿಂದ ಕೊರೆಯುವುದು, ಅಗತ್ಯವಿರುವಲ್ಲಿ ಲೋಹದ ತೆಳುಪದರ ಕೂರಿಸುವುದು ಮುಂದಿನ ಹಂತಗಳು. ನ್ಯಾನೋ ಅಳತೆಯ ವಿನ್ಯಾಸವನ್ನು ಎಲೆಕ್ಟ್ರಾನ್ ಕಿರಣದಿಂದ ನೇರವಾಗಿ ಬರೆಯಬಹುದು. ಆದರೆ ಅದು ನಿಧಾನಗತಿಯ ಕೆಲಸ.

ಧೂಳಿನ ಒಂದು ಕಣವೂ ವಿನ್ಯಾಸವನ್ನು ಕೆಡಿಸಬಲ್ಲುದು. ಆದ್ದರಿಂದ ಈ ಕೆಲಸ ಕ್ಲೀನ್‌ರೂಮ್‌ನಲ್ಲಿಯೇ ನಡೆಯಬೇಕು. 'ಕ್ಲಾಸ್ 100' ಕೊಠಡಿಯ ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರಾನ್ ಹಾಗೂ ಅದಕ್ಕೂ ದೊಡ್ಡ ಕಣಗಳು 100ನ್ನು ಮೀರುವಂತಿಲ್ಲ.

ವೆಚ್ಚದ ಲೆಕ್ಕ

100 ಮಿ.ಮೀ. ವ್ಯಾಸದ ಒಂದು ವೇಫರ್‌ನಲ್ಲಿ 2 ಮಿ.ಮೀ. ಚೌಕದ ಚಿಪ್‌ಗಳು, ಅಂಚನ್ನು ಬಿಟ್ಟರೂ, 1,500ಕ್ಕಿಂತ ಹೆಚ್ಚು ಹಿಡಿಸುತ್ತವೆ. ಹತ್ತು ಚಿಪ್ ಬೇಕಿದ್ದರೂ ಸಾವಿರ ಬೇಕಿದ್ದರೂ ಮಾಸ್ಕ್ ಮತ್ತು ಸಂಸ್ಕರಣೆಯ ವೆಚ್ಚ ಹೆಚ್ಚುಕಡಿಮೆ ಒಂದೇ. ಆದುದರಿಂದ ದೊಡ್ಡ ಪ್ರಮಾಣದ ಬೇಡಿಕೆಯಿದ್ದಲ್ಲಿ ಮಾತ್ರ ಬಿಡಿ ದರ ಇಳಿಯುತ್ತದೆ. ಕೆಲವು ನೂರು ಲೋಹದ ಬಿಡಿಭಾಗಗಳಷ್ಟೇ ಬೇಕಾದಾಗ ಸೂಕ್ಷ್ಮ ವೈರ್ ಇ.ಡಿ.ಎಂ. ವಿಧಾನವೇ ಲಾಭದಾಯಕವಾಗಬಹುದು. ಸಾಮಾನ್ಯ ಯಂತ್ರದಲ್ಲಿ 0.25 ಮಿ.ಮೀ. ತಂತಿ ಬಳಕೆಯಲ್ಲಿದ್ದರೆ, ಇದರಲ್ಲಿ 0.03 ಮಿ.ಮೀ.ವರೆಗಿನ ತಂತಿಯನ್ನು ಬಳಸಲಾಗುತ್ತದೆ.

ಉದ್ದಿಮೆದಾರರ ಪಾತ್ರ

ಸ್ವಂತ ಕ್ಲೀನ್‌ರೂಮ್ ಸಣ್ಣ ಉದ್ದಿಮೆಯ ಬಂಡವಾಳಕ್ಕೆ ನಿಲುಕುವುದಲ್ಲ. ಅದರ ಅಗತ್ಯವೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ರಾಷ್ಟ್ರೀಯ ನ್ಯಾನೋ ತಯಾರಿಕಾ ಕೇಂದ್ರದ ಸೌಲಭ್ಯಗಳನ್ನು ಹೊರಗಿನ ಉದ್ದಿಮೆಗಳೂ ಶುಲ್ಕ ತೆತ್ತು ಬಳಸಬಹುದು. 2008ರಲ್ಲಿ ಇದೇ ಸಂಸ್ಥೆ ಹಾಗೂ ಮುಂಬಯಿಯ ಐ.ಐ.ಟಿ.ಯಲ್ಲಿ ಕೇಂದ್ರ ಸರ್ಕಾರದ ನೆರವಿನಿಂದ ಆರಂಭವಾದ ಬಳಕೆದಾರರ ಕಾರ್ಯಕ್ರಮವು ಇತರ ಕಾಲೇಜುಗಳ ವಿದ್ಯಾರ್ಥಿಗಳಿಗೂ ಪ್ರತ್ಯಕ್ಷ ತರಬೇತಿಯ ಅವಕಾಶ ಒದಗಿಸಿತು. ಇಂತಹ ತರಬೇತಿ ಪಡೆದ ಎಂಜಿನಿಯರ್ ಒಬ್ಬರನ್ನು ನೇಮಿಸಿಕೊಂಡರೆ ವಿನ್ಯಾಸದ ಹಂತದಲ್ಲಿಯೇ ಅನೇಕ ತಪ್ಪುಗಳನ್ನು ತಡೆಯಬಹುದು.

ಸಿದ್ಧವಾದ ಚಿಪ್ ಇನ್ನೂ ಮಾರಾಟದ ಸರಕಲ್ಲ. ಅದಕ್ಕೆ ಕವಚ, ತಂತಿ ಜೋಡಣೆ, ಅಳತೆಯ ಹೊಂದಾಣಿಕೆ ಮತ್ತು ಪರೀಕ್ಷೆ ಬೇಕು. ಅನೇಕ ಸಂವೇದಕಗಳಲ್ಲಿ ಈ ಕೆಲಸಗಳ ವೆಚ್ಚ ಚಿಪ್‌ನ ವೆಚ್ಚವನ್ನೂ ಮೀರುತ್ತದೆ. ನಿಖರ ಯಂತ್ರಕೆಲಸ ಬಲ್ಲ ಸಣ್ಣ ಘಟಕಗಳಿಗೆ ನಿಜವಾದ ಅವಕಾಶವಿರುವುದು ಇಲ್ಲಿಯೇ. ಮೊದಲು ಬೇಡಿಕೆಯ ಪ್ರಮಾಣ, ಅನಂತರ ವಿಧಾನದ ಆಯ್ಕೆ, ಕೊನೆಯಲ್ಲಿ ಯಂತ್ರ ಖರೀದಿ ಎಂಬ ಕ್ರಮವನ್ನು ಅನುಸರಿಸುವುದು ಕ್ಷೇಮಕರ.