ಉಪದೇಶಿ ನಡೆದ ದಾರಿಯಲ್ಲಿ ಕ್ರಿಸ್ಮಸ್

ಡಿಸೆಂಬರ್ ಬಂತೆಂದರೆ ಹುಮನಾಬಾದ್, ಬಸವಕಲ್ಯಾಣದ ಸೀಮೆಯಲ್ಲಿ ಹಬ್ಬಗಳು ಒಂದರ ಬೆನ್ನಿಗೊಂದು ಬರುತ್ತವೆ. ಮಾರ್ಗಶಿರ ಹುಣ್ಣಿಮೆಗೆ ಮಾಣಿಕನಗರದಲ್ಲಿ ದತ್ತ ಜಯಂತಿ. 1817ರಲ್ಲಿ ಲಾಡವಂತಿಯಲ್ಲಿ ಹುಟ್ಟಿ, ಎಲ್ಲ ಮತಗಳೂ ತನ್ನವೇ ಎಂದು ಸಕಲಮತ ಸಂಪ್ರದಾಯ ಕಟ್ಟಿದ ಮಾಣಿಕಪ್ರಭುಗಳ ಜಯಂತಿಯೂ ಅಂದೇ. ಆಮೇಲೆ ಎಳ್ಳಮಾವಾಸ್ಯೆ, ಕೆಲವು ವರ್ಷ ಕ್ರಿಸ್ಮಸ್‌ಗೆ ಮೊದಲು, ಕೆಲವು ವರ್ಷ ಅದಾದ ಮೇಲೆ. ಭಜ್ಜಿ, ಅಂಬಲಿ, ಸಜ್ಜೆರೊಟ್ಟಿ ಕಟ್ಟಿಕೊಂಡು ಊರಿಗೆ ಊರೇ ಹೊಲಕ್ಕೆ ಹೋಗುವ ದಿನ ಅದು. ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ. ಈ ಸಾಲಿನ ನಡುವೆ ಡಿಸೆಂಬರ್ 25 ಬರುತ್ತದೆ. ತೊಗರಿ ಕೊಯ್ಲಿಗೆ ಬಂದಿರುತ್ತದೆ, ಬಿಳಿಜೋಳ ಎದೆಮಟ್ಟ ಬೆಳೆದಿರುತ್ತದೆ, ಇಳಿಹೊತ್ತಿನಿಂದಲೇ ಚಳಿ ಹಿಡಿಯುತ್ತದೆ. ಘಾಟಬೋರಾಳದ ಸುತ್ತಿನ ಹಳ್ಳಿಗಳ ಕ್ರೈಸ್ತ ಓಣಿಗಳಲ್ಲಿ ಬಿದಿರುಕಡ್ಡಿಗೆ ಬಣ್ಣದ ಕಾಗದ ಅಂಟಿಸಿದ ನಕ್ಷತ್ರಗಳು ಮಾಳಿಗೆ ಏರುತ್ತವೆ.

ಈ ಹಬ್ಬ ನಮ್ಮ ಕಡೆಗೆ ಬಂದದ್ದು ಹೇಗೆ ಎಂದು ಯಾರನ್ನು ಕೇಳಿದರೂ ಅಮೆರಿಕದ ಪಾದ್ರಿಗಳು ತಂದರು ಎನ್ನುತ್ತಾರೆ. ಅದು ಅರ್ಧ ನಿಜ. ಪಾದ್ರಿಗಳು ಬಂದರು, ಬಂಗಲೆ ಕಟ್ಟಿದರು, ಬೀದರಿನಲ್ಲಿ ಆಸ್ಪತ್ರೆ, ಶಾಲೆ ತೆರೆದರು. ಆದರೆ ಹಳ್ಳಿಯ ಕ್ರಿಸ್ಮಸ್ಸನ್ನು ಹಳ್ಳಿಯ ಹಬ್ಬವಾಗಿಸಿದವರು ಬೇರೆ. ಅವರು ಜೋಳದ ರೊಟ್ಟಿ ಉಂಡು, ಬರಿಗಾಲಲ್ಲಿ ಊರೂರು ನಡೆದ ಉಪದೇಶಿಗಳು, ಬೈಬಲ್ ವುಮನ್ ಎಂದು ಕರೆಸಿಕೊಂಡ ಹೆಣ್ಣುಮಕ್ಕಳು. ಈ ಮಾತಿಗೆ ಬಲ ಬೇಕಾದರೆ ಸ್ವಲ್ಪ ದೂರ, ಸಮುದ್ರದ ಆಚೆಯ ದ್ವೀಪಗಳವರೆಗೆ ಹೋಗಿಬರಬೇಕು.

ಜರ್ಮನಿಯ ಹೆರ್ನ್‌ಹುಟ್ ಎಂಬ ಸಣ್ಣ ಊರಿನಲ್ಲಿ ನೆಲೆನಿಂತಿದ್ದ ಮೊರಾವಿಯನ್ ಪಂಥದವರು 1732ರ ಆಗಸ್ಟ್‌ನಲ್ಲಿ ಇಬ್ಬರನ್ನು ಕೆರಿಬಿಯನ್ ಸಮುದ್ರದ ಸೇಂಟ್ ಥಾಮಸ್ ದ್ವೀಪಕ್ಕೆ ಕಳಿಸಿದರು. ಲಿಯೊನಾರ್ಡ್ ಡೋಬರ್ ಕುಂಬಾರಿಕೆ ಬಲ್ಲವ, ಡೇವಿಡ್ ನಿಷ್‌ಮನ್ ಬಡಗಿ. ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದ ಆಫ್ರಿಕನ್ ಗುಲಾಮರ ನಡುವೆ ಬದುಕಬೇಕೆಂದು ಹೊರಟವರು ಇವರು. ದ್ವೀಪ ಮುಟ್ಟಿದ್ದು ಡಿಸೆಂಬರ್ 13ರಂದು. ಹಿಮದ ನಾಡಿನಿಂದ ಬಂದವರ ಮೊದಲ ಕ್ರಿಸ್ಮಸ್ ಕಬ್ಬು, ತೆಂಗುಗಳ ಸೆಕೆಯ ನಾಡಿನಲ್ಲಿ ಕಳೆಯಿತು. ಇದಾದ ಮೂರು ವರ್ಷಕ್ಕೆ ಅದೇ ಪಂಥದ ಒಂದು ಗುಂಪು ಅಮೆರಿಕಕ್ಕೆ ಹೋಗುವ ಹಡಗಿನಲ್ಲಿತ್ತು. 1736ರ ಜನವರಿಯಲ್ಲಿ ಬಿರುಗಾಳಿ ಎದ್ದು ಉಳಿದವರೆಲ್ಲ ಕಿರುಚಾಡುತ್ತಿದ್ದಾಗ ಈ ಜನ ಕೀರ್ತನೆ ಹಾಡುತ್ತ ಕುಳಿತಿದ್ದರು. ಅದೇ ಹಡಗಿನಲ್ಲಿದ್ದ ಇಂಗ್ಲೆಂಡಿನ ತರುಣ ಪಾದ್ರಿ ಜಾನ್ ವೆಸ್ಲಿ ಅದನ್ನು ಕಂಡು ಬೆರಗಾದರು. ಮೆಥೊಡಿಸ್ಟ್ ಪಂಥ ಹುಟ್ಟಿದ್ದು ಆ ವೆಸ್ಲಿಯಿಂದ. ಇವತ್ತು ಬೀದರ್ ಜಿಲ್ಲೆಯ ಬಹುಪಾಲು ಹಳ್ಳಿ ಚರ್ಚುಗಳು ಆ ಪಂಥದವು.

ಡಿಸೆಂಬರ್ 31ರ ರಾತ್ರಿ ನಮ್ಮ ಚರ್ಚುಗಳಲ್ಲಿ ಹನ್ನೆರಡರವರೆಗೆ ನಡೆಯುವ ವಾಚ್‌ನೈಟ್ ಆರಾಧನೆಗೂ ಮೂಲ ಅದೇ. ಮೊರಾವಿಯನ್ನರ ರಾತ್ರಿ ಜಾಗರಣೆಯನ್ನು ವೆಸ್ಲಿ ಇಂಗ್ಲೆಂಡಿನ ಕಿಂಗ್ಸ್‌ವುಡ್‌ನ ಕಲ್ಲಿದ್ದಲು ಗಣಿ ಕಾರ್ಮಿಕರ ನಡುವೆ ರೂಢಿಗೆ ತಂದರು. ಹೆಂಡದಂಗಡಿಯಲ್ಲಿ ರಾತ್ರಿ ಕಳೆಯುತ್ತಿದ್ದ ಜನ ಪ್ರಾರ್ಥನೆಯಲ್ಲಿ ಕಳೆಯತೊಡಗಿದರು. ಭಜನೆಗೆ ರಾತ್ರಿಯಿಡೀ ಕೂರುವ ಅಭ್ಯಾಸವಿದ್ದ ನಮ್ಮ ಹಳ್ಳಿಗೆ ಈ ಜಾಗರಣೆ ಹೊಸದೆನಿಸಿರಲಾರದು.

ಅದೇ ಮೊರಾವಿಯನ್ನರು 1768ರಲ್ಲಿ ನಮ್ಮ ಬಂಗಾಳ ಕೊಲ್ಲಿಯ ನಿಕೋಬಾರಿಗೂ ಹೋದರು. ತಮಿಳು ಕರಾವಳಿಯ ತರಂಗಂಬಾಡಿಯಿಂದ ಹೊರಟು ನಾನ್‌ಕೌರಿ ದ್ವೀಪದಲ್ಲಿ ಮನೆ ಕಟ್ಟಿದರು. ದಟ್ಟ ಕಾಡು, ಎಡೆಬಿಡದ ಮಳೆ, ಕಾಡುಜ್ವರ. ವರ್ಷಗಟ್ಟಲೆ ಹಡಗಿನ ಸುಳಿವಿರುತ್ತಿರಲಿಲ್ಲ. ಅಲ್ಲಿದ್ದ ಹೆನ್ಸೆಲ್ ಎಂಬ ಪಾದ್ರಿ ಮುಪ್ಪಿನಲ್ಲಿ ಬರೆದ ಪತ್ರಗಳು 1812ರಲ್ಲಿ ಅಚ್ಚಾಗಿವೆ. ಓದಿದರೆ ಎದೆ ಹಿಂಡುತ್ತದೆ. ಒಬ್ಬರನ್ನು ಮಣ್ಣು ಮಾಡಿ ಬರುವಷ್ಟರಲ್ಲಿ ಇನ್ನೊಬ್ಬರು ಹಾಸಿಗೆ ಹಿಡಿದಿರುತ್ತಿದ್ದರು. ದ್ವೀಪದಲ್ಲೂ, ಅಲ್ಲಿಂದ ಮರಳಿದ ಮೇಲೂ ಸೇರಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಜನರ ಭಾಷೆ ಕೊನೆಗೂ ಅವರಿಗೆ ಸರಿಯಾಗಿ ಒಲಿಯಲಿಲ್ಲ. 1787ರಲ್ಲಿ ಉಳಿದವರು ದ್ವೀಪ ಬಿಟ್ಟು ಬಂದರು. ಅವರ ನಿಷ್ಠೆಯಲ್ಲಿ ಕೊರತೆ ಇರಲಿಲ್ಲ. ಆದರೆ ಆ ನೆಲದವರು ಯಾರೂ ಅವರ ಕೆಲಸವನ್ನು ತಮ್ಮದೆಂದು ಕೈಗೆತ್ತಿಕೊಂಡಿರಲಿಲ್ಲ.

ನಿಕೋಬಾರಿನಲ್ಲಿ ಕ್ರಿಸ್ಮಸ್ ಬೇರೂರಿದ್ದು ನೂರು ವರ್ಷ ಕಳೆದ ಮೇಲೆ. 19ನೇ ಶತಮಾನದ ಕೊನೆಗೆ ಮದ್ರಾಸ್ ಕಡೆಯ ವೇದಪ್ಪನ್ ಸಾಲೊಮನ್ ಎಂಬ ಉಪದೇಶಿ ಕಾರ್ ನಿಕೋಬಾರಿನ ಮೂಸ್ ಹಳ್ಳಿಯಲ್ಲಿ ನೆಲೆಸಿ ಮಕ್ಕಳಿಗೆ ಅಕ್ಷರ ಕಲಿಸಿದರು. ಅವರ ಶಿಷ್ಯ, ಅದೇ ಊರಿನ ಹುಡುಗ, ಜಾನ್ ರಿಚರ್ಡ್‌ಸನ್ ಎಂಬ ಹೆಸರಿನಲ್ಲಿ ಬೆಳೆದು ಬಿಷಪ್ ಆದರು. ಹೊಸ ಒಡಂಬಡಿಕೆಯನ್ನು ತಮ್ಮ ಜನರ ಮಾತಿಗೆ ತಂದರು. ಮೊದಲ ಲೋಕಸಭೆಗೆ ನಾಮಕರಣಗೊಂಡು ದೆಹಲಿಯಲ್ಲಿ ಕೂತರು. ಎರಡು ದಶಕದಲ್ಲಿ ಯುರೋಪಿನವರಿಗೆ ಆಗದ್ದನ್ನು ಊರವನೊಬ್ಬ ಮಾಡಿ ತೋರಿಸಿದ. 2004ರ ಕ್ರಿಸ್ಮಸ್‌ಗೆ ಆ ದ್ವೀಪದ ಕಡಲಂಚಿನ ಹಳ್ಳಿಗಳು ತುಂಬಿದ್ದವು. ಮರುದಿನ ಬೆಳಗ್ಗೆ ಸುನಾಮಿ ಬಂತು. ಹಬ್ಬಕ್ಕೆಂದು ಕೂಡಿದ್ದ ಎಷ್ಟೋ ಕುಟುಂಬಗಳು ಒಟ್ಟಿಗೇ ಹೋದವು. ಉಳಿದವರು ದಿಣ್ಣೆಯ ಮೇಲೆ ಮನೆ ಕಟ್ಟಿಕೊಂಡು, ಚರ್ಚು ಕಟ್ಟಿಕೊಂಡು, ಮತ್ತೆ ಹಬ್ಬ ಮಾಡುತ್ತಿದ್ದಾರೆ.

ಈಗ ನಮ್ಮ ಕಡೆಗೆ ಬರೋಣ. ಘಾಟಬೋರಾಳದಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಬಹಳ ದೂರ. 19ನೇ ಶತಮಾನದ ಕೊನೆಗೆ ಅಮೆರಿಕದ ಮೆಥೊಡಿಸ್ಟ್ ಮಿಷನ್ ಬೀದರಿಗೆ ಬಂದಾಗ ಇದು ನಿಜಾಮರ ಸೀಮೆ. ಕಚೇರಿಯ ಭಾಷೆ ಉರ್ದು, ಸಂತೆಯಲ್ಲಿ ಮರಾಠಿ, ಪಕ್ಕದ ತಾಲ್ಲೂಕಿನಲ್ಲಿ ತೆಲುಗು, ಮನೆಯಲ್ಲಿ ಕನ್ನಡ. ಹೈದರಾಬಾದ್, ವಿಕಾರಾಬಾದ್ ಕಡೆಯಿಂದ ಎತ್ತಿನ ಗಾಡಿಯ ದಾರಿ. ಬೀದರ್–ಕಲಬುರಗಿ ರೈಲು ಮಾರ್ಗ ಹುಮನಾಬಾದಿನ ಮೇಲೆ ಹಾದು ಪೂರ್ತಿಯಾಗಿ ಉದ್ಘಾಟನೆಗೊಂಡದ್ದೇ 2017ರ ಅಕ್ಟೋಬರಿನಲ್ಲಿ ಎಂದಮೇಲೆ ಅಂದಿನ ಪಯಣ ಹೇಗಿತ್ತೆಂದು ಊಹಿಸಬಹುದು. ಬೀದರಿನ ಮಂಗಲಪೇಟೆಯ ಕ್ರೈಸ್ತ ನೆಲೆ, ಮಿಷನ್ ಆಸ್ಪತ್ರೆ, ನಾರ್ಮಾ ಫೆಂಡ್ರಿಕ್ ಹೆಸರಿನ ಶಾಲೆ ಆ ಕಾಲ ಬಿಟ್ಟುಹೋದ ಗುರುತುಗಳು.

ಪಾದ್ರಿಗಳ ಕೈಯಲ್ಲಿ ಒಂದು ಸಿದ್ಧ ಸಾಧನವಿತ್ತು: ಕನ್ನಡ ಬೈಬಲ್. ಅದರ ಹಿಂದೆಯೂ ದ್ವೀಪದ ಕಥೆಯಿದೆ. ಲಂಡನ್ ಮಿಷನರಿ ಸೊಸೈಟಿ 1796ರಲ್ಲಿ ತನ್ನ ಮೊದಲ ತಂಡವನ್ನು ‘ಡಫ್’ ಹಡಗಿನಲ್ಲಿ ಶಾಂತಸಾಗರದ ಟಹೀಟಿಗೆ ಕಳಿಸಿತು. ಅದೇ ಸೊಸೈಟಿ ಕಳಿಸಿದ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಬಳ್ಳಾರಿಯಲ್ಲಿ ಮುನ್ಶಿಗಳ ನೆರವಿನಿಂದ ರೂಪುಗೊಂಡ ಈ ಗದ್ಯ ಮುಂದೆ ತಿದ್ದುಪಡಿ ಕಂಡು ಮಂಗಳೂರು, ಧಾರವಾಡ, ಕೊನೆಗೆ ನಮ್ಮ ಗಡಿಯ ಹಳ್ಳಿಗಳವರೆಗೆ ನಡೆದುಬಂತು. ಕನ್ನಡ ಶಾಲೆಗಳೇ ಅಪರೂಪವಾಗಿದ್ದ ನಿಜಾಮರ ಕಾಲದಲ್ಲಿ ಎಷ್ಟೋ ಮನೆಗಳಿಗೆ ಕನ್ನಡದ ಅಚ್ಚಿನ ಅಕ್ಷರ ಮೊದಲು ಬಂದದ್ದು ಆ ಪುಸ್ತಕದ ಜೊತೆಗೆ. ಈ ಉಪಕಾರವನ್ನು ನಾವು ಸಾಕಷ್ಟು ನೆನೆದಿಲ್ಲ.

ಟಹೀಟಿಯ ಒಂದು ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ‘ಡಫ್’ ಹಡಗು ಪೂರ್ವದ ದಾರಿ ಹಿಡಿದು ಅಲ್ಲಿಗೆ ಬಂದಿತ್ತು. ಹೀಗಾಗಿ ಅಲ್ಲಿನ ಮಿಷನರಿಗಳ ಲೆಕ್ಕದಲ್ಲಿ ದಿನ ಒಂದು ಮುಂದೆ ಇತ್ತು. 1840ರ ದಶಕದವರೆಗೂ ಟಹೀಟಿಯವರು ಭಾನುವಾರವೆಂದು ಆಚರಿಸಿದ್ದು ಪಶ್ಚಿಮದ ದಾರಿಯಿಂದ ಬಂದ ಹಡಗಿನವರಿಗೆ ಶನಿವಾರ. ಅವರ ಡಿಸೆಂಬರ್ 25 ಇವರಿಗೆ 24.

ನಮ್ಮ ಹಳ್ಳಿಗಳಲ್ಲೂ ತಾರೀಕು ಸರಿಯುತ್ತಿತ್ತು. ಕಾರಣ ಬೇರೆ. ಮಳೆಗಾಲ ಮುಗಿದು ದಾರಿ ಒಣಗಿದ ಮೇಲೆಯೇ ಮಿಷನರಿಗಳ ಊರು ಸುತ್ತುವ ಕಾಲ. ನವೆಂಬರಿನಿಂದ ಫೆಬ್ರುವರಿಯವರೆಗೆ ಡೇರೆ, ಕಂದೀಲು, ಔಷಧಿ ಪೆಟ್ಟಿಗೆ, ಪುಸ್ತಕಗಳನ್ನು ಬಂಡಿಯಲ್ಲಿ ಹೇರಿಕೊಂಡು ಒಂದು ಮಾವಿನ ತೋಪಿನಿಂದ ಇನ್ನೊಂದು ತೋಪಿಗೆ ಹೋಗುತ್ತಿದ್ದರು. ಪಾದ್ರಿ ಒಬ್ಬರು, ಹಳ್ಳಿ ಹತ್ತಾರು. ಎಲ್ಲರಿಗೂ 25ರಂದೇ ಹಬ್ಬ ಮಾಡಿಸುವುದು ಆಗದ ಮಾತು. ಪಾದ್ರಿ ಬಂದ ದಿನವೇ ಆ ಊರಿಗೆ ಕ್ರಿಸ್ಮಸ್. ಒಂದೂರಲ್ಲಿ 20ಕ್ಕೆ, ಮತ್ತೊಂದರಲ್ಲಿ ಜನವರಿ ಮೊದಲ ವಾರಕ್ಕೆ. ಇಂದಿಗೂ ಹಲವು ಊರುಗಳ ಹೊಣೆ ಹೊತ್ತ ಸಭಾಪಾಲಕರು ಇದೇ ರೀತಿ ದಿನ ಹಂಚಿಕೊಳ್ಳುತ್ತಾರೆ. ಸುಗ್ಗಿಯ ಕೆಲಸವನ್ನೂ, ಎಳ್ಳಮಾವಾಸ್ಯೆಯನ್ನೂ ನೋಡಿಕೊಂಡು ದಿನ ಗೊತ್ತು ಮಾಡುವ ಜಾಣ್ಮೆ ಹಳ್ಳಿಯ ಹಿರಿಯರದು.

ಆದರೆ ಪಾದ್ರಿಯ ಡೇರೆ ಎರಡು ದಿನಕ್ಕೆ ಎದ್ದು ಹೋಗುತ್ತಿತ್ತು. ಉಳಿದ ಮುನ್ನೂರರವತ್ತು ದಿನ ಊರಲ್ಲಿರುತ್ತಿದ್ದವನು ಉಪದೇಶಿ. ಅವನು ಓದು ಕಲಿಸುವವನೂ ಹೌದು, ಕಾಗದ ಬರೆದುಕೊಡುವವನೂ ಹೌದು, ರಾತ್ರಿ ಹೆಣ ಎತ್ತಲು ಹೆಗಲು ಕೊಡುವವನೂ ಹೌದು. ಯೇಸು ಹುಟ್ಟಿದ ಕಥೆಯನ್ನು ಅವನು ಹೇಳಿದ ಬಗೆಯನ್ನು ಇಂದಿನ ಭಜನೆಗಳಲ್ಲೂ ಗುರುತಿಸಬಹುದು. ದನದ ಕೊಟ್ಟಿಗೆ, ಗೋದಲಿ, ಕುರಿ ಕಾಯುವವರು, ಬಾಣಂತಿಗೆ ಜಾಗ ಕೊಡದ ಊರು: ಇದರಲ್ಲಿ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಾದದ್ದು ಏನೂ ಇರಲಿಲ್ಲ. ಹಾರ್ಮೋನಿಯಂ ಬರುವ ಮೊದಲು ತಾಳ, ಹಲಗೆ ಇದ್ದವು. ಹಾಡಿನ ಧಾಟಿ ತತ್ವಪದದ್ದು, ಕೋಲಾಟದ್ದು. ಬೈಬಲ್ ವುಮನ್ ಮಾಡಿದ ಕೆಲಸ ಇನ್ನೂ ದೊಡ್ಡದು. ಗಂಡಸರು ಕಾಲಿಡಲಾಗದ ಒಳಮನೆಗಳಿಗೆ ಹೋಗಿ, ಬಾಣಂತಿಯರ ಬಳಿ ಕೂತು, ಜ್ವರ ಬಂದ ಮಕ್ಕಳನ್ನು ಬೀದರಿನ ಆಸ್ಪತ್ರೆಗೆ ಒಯ್ಯಲು ಒಪ್ಪಿಸುತ್ತಿದ್ದವಳು ಅವಳು. ಎಷ್ಟೋ ಸಲ ಅವಳು ವಿಧವೆ, ಮಿಷನ್ನಿನಲ್ಲಿ ಓದು ಕಲಿತವಳು. ಹಬ್ಬಕ್ಕೆ ಕರ್ಚಿಕಾಯಿ, ಶಂಕರಪಾಳಿ ಮಾಡಿ ನೆರೆಮನೆಗಳಿಗೆ ಹಂಚುವ ಇಂದಿನ ರೂಢಿ ಅಡುಗೆಮನೆಯಿಂದ ಅಡುಗೆಮನೆಗೆ ಹೋದದ್ದು ಇಂಥವರ ಕೈಯಿಂದಲೇ.

ಜನ ಈ ಮಾರ್ಗಕ್ಕೆ ಬಂದದ್ದು ಯಾಕೆ ಎಂಬ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. 1899ರಲ್ಲಿ ಮಳೆ ಕೈಕೊಟ್ಟು ದಖ್ಖನ್ ಸೀಮೆಯೆಲ್ಲ ಬರ ಬಿತ್ತು. ಮಿಷನ್ನುಗಳು ಅನಾಥ ಮಕ್ಕಳನ್ನು ಕೂಡಿಸಿ ಗಂಜಿ ಹಾಕಿದವು. ಹೊಟ್ಟೆಗಾಗಿ ಧರ್ಮ ಬದಲಿಸಿದರು ಎಂಬ ಮಾತು ಅಂದಿನಿಂದ ಇಂದಿನವರೆಗೂ ಕೇಳಿಬರುತ್ತದೆ. ಹಸಿವೆಯೂ ಒಂದು ಕಾರಣವಾಗಿದ್ದಿರಬಹುದು. ಆದರೆ ಬರ ಮುಗಿದು, ಬಿಳಿಯ ಪಾದ್ರಿಗಳು ಮರಳಿ, ನಿಜಾಮರ ಆಳ್ವಿಕೆ ಕಳೆದು, ಮೂರು ನಾಲ್ಕು ತಲೆಮಾರು ದಾಟಿದ ಮೇಲೂ ಹಬ್ಬ ಉಳಿದಿದೆಯಲ್ಲ? ಒಂದು ಹೊತ್ತಿನ ಗಂಜಿ ಅಷ್ಟು ದೂರ ನಡೆಸುವುದಿಲ್ಲ. ಬಾವಿಯ ನೀರು ಮುಟ್ಟಗೊಡದ, ಗುಡಿಯ ಮೆಟ್ಟಿಲು ಹತ್ತಗೊಡದ ಊರಿನಲ್ಲಿ ಮಾದಿಗರ, ಹೊಲೆಯರ ಮಕ್ಕಳಿಗೆ ಒಬ್ಬ ಮನುಷ್ಯ ಸಮಕ್ಕೆ ಕೂತು ಅಕ್ಷರ ಹೇಳಿಕೊಟ್ಟ. ಆ ಮರ್ಯಾದೆ ಅವರನ್ನು ಹಿಡಿದು ನಿಲ್ಲಿಸಿತೆಂದು ನಾನು ನಂಬುತ್ತೇನೆ. ಬಸವಕಲ್ಯಾಣದಲ್ಲಿ ಹರಳಯ್ಯನ ಗವಿ ಇದೆ. ಸಮಗಾರ ಹರಳಯ್ಯನ ಮನೆಗೂ ಮಧುವಯ್ಯನ ಮನೆಗೂ ನಡೆದ ಮದುವೆಗಾಗಿ 12ನೇ ಶತಮಾನದ ಕಲ್ಯಾಣ ಹೊತ್ತಿ ಉರಿದದ್ದನ್ನು ಈ ನೆಲ ಮರೆತಿಲ್ಲ. ಶರಣರು ಎತ್ತಿದ ಸಮಾನತೆಯ ಆ ಪ್ರಶ್ನೆ ಏಳುನೂರು ವರ್ಷದ ಮೇಲೂ ಕೇರಿಗಳಲ್ಲಿ ಉತ್ತರಕ್ಕೆ ಕಾದಿತ್ತು.

ಈ ಸೀಮೆಯ ಕ್ರೈಸ್ತರು ತಮ್ಮ ಆಚರಣೆಗಳಿಗೆ ಇಲ್ಲಿನ ಆಕಾರವನ್ನೇ ಕೊಟ್ಟುಕೊಂಡರು. ವಿಕಾರಾಬಾದ್ ಬಳಿಯ ಧಾರೂರಿನ ಕಾಡಿನಲ್ಲಿ 1923ರಿಂದ ನವೆಂಬರಿನಲ್ಲಿ ಮೆಥೊಡಿಸ್ಟ್ ಕ್ರೈಸ್ತ ಜಾತ್ರೆ ನಡೆಯುತ್ತಿದೆ. ಜಾತ್ರೆ ಎಂದೇ ಅದರ ಹೆಸರು. ತೆಲಂಗಾಣ, ಕರ್ನಾಟಕ, ಮಹಾರಾಷ್ಟ್ರದ ಹಳ್ಳಿಗಳಿಂದ ಜನ ಬಂದು, ಮರದಡಿ ಡೇರೆ ಹಾಕಿ, ಒಲೆ ಹೂಡಿ, ದಿನಗಟ್ಟಲೆ ಇರುತ್ತಾರೆ. ಅಲ್ಲಿಂದ ಮರಳಿದ ಮೇಲೆ ಕ್ರಿಸ್ಮಸ್ ತಯಾರಿ ಶುರು. 1981ರ ಜನವರಿಯಲ್ಲಿ ಮೆಥೊಡಿಸ್ಟ್ ಚರ್ಚ್ ಇನ್ ಇಂಡಿಯಾ ಸ್ವತಂತ್ರವಾಯಿತು. ಕಾಗದದ ಮೇಲೆ ಅಂದು ಆದದ್ದು ಹಳ್ಳಿಯಲ್ಲಿ ಎಷ್ಟೋ ಮೊದಲೇ ಆಗಿತ್ತು.

ಅಮೆರಿಕದ ಪಾದ್ರಿಗಳ ವರದಿಗಳು ಅಲ್ಲಿನ ಗ್ರಂಥಾಲಯಗಳಲ್ಲಿ ಭದ್ರವಾಗಿವೆ. ಅವುಗಳಲ್ಲಿ ನಮ್ಮ ಉಪದೇಶಿಗಳು ಬಹುಮಟ್ಟಿಗೆ ಬರಿ ಸಂಖ್ಯೆ: ಈ ವರ್ಷ ಇಷ್ಟು ಮಂದಿ ಕೆಲಸಗಾರರು ಎಂದು. ಅವರ ಹೆಸರು, ಊರು, ಮನೆತನ ಇರುವುದು ಇಲ್ಲಿನ ಹಳೆಯ ದೀಕ್ಷಾಸ್ನಾನದ ರಿಜಿಸ್ಟರುಗಳಲ್ಲಿ, ಎಂಬತ್ತು ದಾಟಿದ ಅಜ್ಜಿಯರ ನೆನಪಿನಲ್ಲಿ, ಅಚ್ಚಾಗದ ಭಜನೆಯ ನೋಟುಬುಕ್ಕುಗಳಲ್ಲಿ. ರಿಜಿಸ್ಟರಿಗೆ ಗೆದ್ದಲು ಹತ್ತುವ ಮೊದಲು ಸಭೆಗಳವರು ಅದರ ಹಾಳೆಗಳ ಫೋಟೊ ತೆಗೆದಿಡಲಿ. ಕಲಬುರಗಿ, ಬೀದರಿನ ವಿಶ್ವವಿದ್ಯಾಲಯಗಳ ಕನ್ನಡ, ಇತಿಹಾಸ ವಿಭಾಗದವರು ಒಂದು ತಾಲ್ಲೂಕನ್ನಾದರೂ ಕೈಗೆತ್ತಿಕೊಳ್ಳಲಿ. ಹುಮನಾಬಾದ್, ಬಸವಕಲ್ಯಾಣದ ಹಳ್ಳಿಗಳಲ್ಲಿ ಓದಿದ ಹುಡುಗ ಹುಡುಗಿಯರು ಈ ಕ್ರಿಸ್ಮಸ್ ರಜೆಗೆ ಮನೆಗೆ ಬಂದಾಗ ಅಜ್ಜಿಯ ಪಕ್ಕ ಕೂತು, ಮೊಬೈಲಿನಲ್ಲಿ ಧ್ವನಿ ಹಿಡಿದು, ನಮ್ಮೂರಿಗೆ ಮೊದಲು ಬಂದ ಉಪದೇಶಿ ಯಾರು, ಅವರ ಜೊತೆ ಬಂದ ಹೆಣ್ಣುಮಗಳು ಯಾರು, ಅವರು ಹಾಡುತ್ತಿದ್ದ ಹಾಡು ಯಾವುದು ಎಂದು ಕೇಳಿ ಬರೆದಿಡಲಿ.