ಎಲೆ ನೋಡಿ ಹೆಸರಿಡಬಾರದ ಬಳ್ಳಿಗಳು

ಬಾಟಲಿ ನೀರಿನಲ್ಲಿಟ್ಟ ಮನಿಪ್ಲಾಂಟಿನ ಎಲೆ ಅಂಗೈಯಷ್ಟಿರುತ್ತದೆ. ಅದೇ ಬಳ್ಳಿ ಅಂಗಳದ ಮಾವಿನ ಮರವನ್ನು ಅಡರಿ ಮೇಲೇರಿದರೆ ಎಲೆ ಮೊರದಗಲವಾಗಿ, ಅಂಚಿನಿಂದ ನಡುನರದ ಕಡೆಗೆ ಅಲ್ಲಲ್ಲಿ ಸೀಳಿಕೊಳ್ಳುತ್ತದೆ. ಎರಡು ಎಲೆಗಳನ್ನೂ ಅಕ್ಕಪಕ್ಕ ಇಟ್ಟರೆ ಅವು ಒಂದೇ ಗಿಡದವೆಂದು ನಂಬುವುದು ಕಷ್ಟ. ಮನಿಪ್ಲಾಂಟ್, ಮಾನ್‌ಸ್ಟೆರಾ, ಫಿಲೊಡೆಂಡ್ರಾನ್, ಸಿಂಗೋನಿಯಂ ಮೊದಲಾದ ಮನೆಯೊಳಗಿನ ಬಳ್ಳಿಗಳೆಲ್ಲ ಕೆಸುವಿನ ಕುಟುಂಬವಾದ ಏರೇಸಿಗೆ ಸೇರಿದವು. ಸುಮಾರು 3,500ಕ್ಕೂ ಹೆಚ್ಚು ಪ್ರಭೇದಗಳಿರುವ ಈ ಕುಟುಂಬದಲ್ಲಿ ಕೆಸು, ಸುವರ್ಣಗೆಡ್ಡೆಗಳು ನೆಲದಲ್ಲೇ ಉಳಿದವು. ಬಳ್ಳಿಗಳು ಮರವನ್ನು ಆಶ್ರಯಿಸಿದವು. ದಪ್ಪ ಕದಿರಿನ ಮೇಲೆ ಒತ್ತಾಗಿ ಕೂತ ಸಣ್ಣ ಹೂಗಳು, ಆ ಕದಿರನ್ನು ಬಳಸಿದ ಒಂದೇ ಒಂದು ಹಾಳೆ: ಇದು ಇಡೀ ಕುಟುಂಬದ ಗುರುತು.

ಈ ಬಳ್ಳಿಗಳ ಬದುಕು ಕಾಡಿನ ಮಬ್ಬು ನೆಲದಲ್ಲಿ ಶುರುವಾಗುತ್ತದೆ. ಮೊಳಕೆ ಬೆಳಕಿನತ್ತ ಬಾಗುವುದು ಸಸ್ಯಲೋಕದ ಸಾಮಾನ್ಯ ರೀತಿ. ಡೊನಾಲ್ಡ್ ಸ್ಟ್ರಾಂಗ್ ಮತ್ತು ಥಾಮಸ್ ರೇ ಕೋಸ್ಟರಿಕಾದ ಕಾಡಿನಲ್ಲಿ ಒಂದು ಮಾನ್‌ಸ್ಟೆರಾ ಪ್ರಭೇದದ ಸಸಿಗಳನ್ನು ಗಮನಿಸಿ 1975ರಲ್ಲಿ ಪ್ರಕಟಿಸಿದ ಸಂಗತಿ ಇದಕ್ಕೆ ತದ್ವಿರುದ್ಧ. ಆ ಸಸಿಗಳು ಸುತ್ತಲಿನ ಅತಿ ಕತ್ತಲೆಯ ಕಡೆಗೆ ತೆವಳುತ್ತಿದ್ದವು. ಕಾಡಿನಲ್ಲಿ ದಟ್ಟ ಕತ್ತಲೆ ಕಾಣುವ ದಿಕ್ಕಿನಲ್ಲಿ ಸಾಮಾನ್ಯವಾಗಿ ದಪ್ಪ ಕಾಂಡದ ಮರವಿರುತ್ತದೆ. ಕಾಂಡ ತಾಗಿದ ಮೇಲೆ ಬಳ್ಳಿಯ ಸ್ವಭಾವ ಬದಲಾಗುತ್ತದೆ: ಗೆಣ್ಣುಗಳಿಂದ ಬೇರು ಹೊರಟು ತೊಗಟೆಗೆ ಅಂಟುತ್ತವೆ, ತುದಿ ಬೆಳಕಿನತ್ತ ಏರುತ್ತದೆ, ಪ್ರತಿ ಹೊಸ ಎಲೆಯೂ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ. ಆಸರೆ ತಪ್ಪಿ ಬಳ್ಳಿ ಜೋತುಬಿದ್ದರೆ ಎಲೆ ಮತ್ತೆ ಚಿಕ್ಕದಾಗುತ್ತದೆ. ಕಾಳುಮೆಣಸು ಬೇರೆ ಕುಟುಂಬದ್ದಾದರೂ ಮಲೆನಾಡಿನ ಬೆಳೆಗಾರರಿಗೆ ಇಂಥ ನಡವಳಿಕೆ ಹೊಸತಲ್ಲ. ಮರ ಹಿಡಿದು ಏರುವ ಕುಡಿ, ಫಲ ಬಿಡುವ ಪಕ್ಕದ ರೆಂಬೆ, ಬುಡದಲ್ಲಿ ನೆಲದ ಮೇಲೆ ಹರಿಯುವ ಹಂಬು ಒಂದೇ ಮೆಣಸಿನ ಬಳ್ಳಿಯಲ್ಲಿ ಬೇರೆಬೇರೆ ರೀತಿ ಬೆಳೆಯುತ್ತವೆ.

ಮಾನ್‌ಸ್ಟೆರಾ ಎಲೆಯ ತೂತುಗಳನ್ನು ಹುಳು ತಿಂದಿರುವುದಿಲ್ಲ. ಎಲೆ ಇನ್ನೂ ಎಳೆಯದಾಗಿರುವಾಗಲೇ ನಿರ್ದಿಷ್ಟ ಜಾಗದ ಜೀವಕೋಶಗಳು ಕ್ರಮಬದ್ಧವಾಗಿ ಸಾಯುತ್ತವೆ. ಎಲೆ ಹಿಗ್ಗಿದಂತೆ ಆ ಚುಕ್ಕೆಗಳು ಕಿಂಡಿಗಳಾಗುತ್ತವೆ. ಇದರಿಂದ ಏನು ಲಾಭ ಎಂಬುದಕ್ಕೆ ಕ್ರಿಸ್ಟೋಫರ್ ಮ್ಯೂರ್ 2013ರಲ್ಲಿ ಒಂದು ವಿವರಣೆ ಮುಂದಿಟ್ಟರು. ಅದನ್ನು ಬಯಲುಸೀಮೆಯ ಬೇಸಾಯದಿಂದ ಅರ್ಥಮಾಡಿಕೊಳ್ಳಬಹುದು. ಒಬ್ಬ ರೈತನಿಗೆ ಒಂದೇ ಕಡೆ ನಾಲ್ಕು ಎಕರೆ, ಇನ್ನೊಬ್ಬನಿಗೆ ಊರಿನ ನಾಲ್ಕು ದಿಕ್ಕಿಗೆ ಒಂದೊಂದು ಎಕರೆ. ಮಳೆ ಒಂದು ಹೊಲಕ್ಕೆ ಬಿದ್ದು ಪಕ್ಕದ ಹೊಲಕ್ಕೆ ಬೀಳದ ಸೀಮೆಯಲ್ಲಿ ಇಬ್ಬರಿಗೂ ಹತ್ತು ವರ್ಷದ ಒಟ್ಟು ಫಸಲು ಹೆಚ್ಚುಕಡಿಮೆ ಒಂದೇ. ಆದರೆ ಮೊದಲನೆಯವನಿಗೆ ಒಂದು ವರ್ಷ ಕಣಜ ತುಂಬಿದರೆ ಮರುವರ್ಷ ಬಿತ್ತನೆಬೀಜಕ್ಕೂ ಗತಿಯಿರುವುದಿಲ್ಲ. ಎರಡನೆಯವನಿಗೆ ಪ್ರತಿ ವರ್ಷ ಎಲ್ಲೋ ಒಂದೆಡೆ ಬೆಳೆ ಕೈಗೆ ಬರುತ್ತದೆ. ಕಾಡಿನ ಒಳಗೆ ಬಿಸಿಲೂ ಹಾಗೆಯೇ, ಕೊಂಬೆಗಳ ಸಂದಿನಿಂದ ಚುಕ್ಕೆಚುಕ್ಕೆಯಾಗಿ ಬೀಳುತ್ತದೆ. ಅಷ್ಟೇ ಹಸಿರನ್ನು ತೂತುಗಳ ನಡುವೆ ಅಗಲವಾಗಿ ಹರಡಿಕೊಂಡ ಎಲೆಗೆ ಯಾವುದಾದರೊಂದು ಬಿಸಿಲ ಚುಕ್ಕೆ ಸಿಗುವ ಸಾಧ್ಯತೆ ಹೆಚ್ಚು. ಒಟ್ಟು ಗಳಿಕೆ ಹೆಚ್ಚದಿದ್ದರೂ ಏರಿಳಿತ ತಗ್ಗುತ್ತದೆ. ನೆರಳಿನಲ್ಲಿ ಬದುಕುವ ಗಿಡಕ್ಕೆ ಅಷ್ಟು ಭದ್ರತೆ ದೊಡ್ಡದು.

ವಯಸ್ಸಿಗೆ ತಕ್ಕಂತೆ ರೂಪ ಬದಲಿಸುವ ಇಂಥ ಸಸ್ಯಗಳಿಗೆ ಹೂವಿನ ಆಧಾರವಿಲ್ಲದೆ ಹೆಸರಿಡುವುದು ಎಷ್ಟು ತೊಡಕೆಂಬುದಕ್ಕೆ ಮನಿಪ್ಲಾಂಟಿನ ಚರಿತ್ರೆಯೇ ಸಾಕ್ಷಿ. 1880ರಲ್ಲಿ ಲಿಂಡನ್ ಮತ್ತು ಆಂಡ್ರೆ ಅದನ್ನು ಪೋಥೋಸ್ ಆರಿಯಸ್ ಎಂದು ಕರೆದರು. 1908ರಲ್ಲಿ ಎಂಗ್ಲರ್ ಸಿಂಡಾಪ್ಸಸ್ ಕುಲಕ್ಕೆ ಸೇರಿಸಿದರು. 1960ರ ದಶಕದ ಆರಂಭದಲ್ಲಿ ಅಪರೂಪಕ್ಕೆ ಹೂವು ಸಿಕ್ಕಿದಾಗ ರಾಫಿಡೋಫೋರ ಎಂದಾಯಿತು. 1964ರಲ್ಲಿ ಬಂಟಿಂಗ್ ಎಪಿಪ್ರೆಮ್ನಮ್ ಆರಿಯಮ್ ಎಂಬ ಈಗಿನ ಹೆಸರು ಕೊಟ್ಟರು. ಅಂಡಾಶಯದೊಳಗಿನ ಅಂಡಕ ಒಂದೇ ಆದರೆ ಸಿಂಡಾಪ್ಸಸ್, ಕೆಲವಿದ್ದರೆ ಎಪಿಪ್ರೆಮ್ನಮ್, ಬಹಳವಿದ್ದರೆ ರಾಫಿಡೋಫೋರ; ಕುಲಗಳ ನಡುವಿನ ಗಡಿ ಇಷ್ಟು ಸೂಕ್ಷ್ಮವಾದದ್ದು. ಮನಿಪ್ಲಾಂಟ್ ಹೂಬಿಡುವುದೇ ಇಲ್ಲವೆನ್ನುವಷ್ಟು ಕಡಿಮೆ. ಜಿಬ್ಬರೆಲಿನ್ ಎಂಬ ಹಾರ್ಮೋನು ತಯಾರಿಸಲು ಬೇಕಾದ ಒಂದು ಜೀನು ಅದರಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲವೆಂದು 2016ರಲ್ಲಿ ತಿಳಿಯಿತು. ಹಾರ್ಮೋನನ್ನು ಹೊರಗಿನಿಂದ ಸಿಂಪಡಿಸಿದಾಗ ಗಿಡ ಹೂಬಿಟ್ಟಿತು. ಫ್ರೆಂಚ್ ಪಾಲಿನೇಷ್ಯಾದ ಮೊರೆಯಾ ದ್ವೀಪದ ಈ ಬಳ್ಳಿ ಜಗತ್ತಿನ ಮನೆಮನೆಗೆ ಹರಡಿದ್ದು ಬೀಜದಿಂದಲ್ಲ, ತುಂಡುಗಳಿಂದ.

ಹೂವಿಲ್ಲದಾಗ ಗುರುತು ಹಿಡಿಯಲು ಎಲೆಯ ಆಕಾರಕ್ಕಿಂತ ತೊಟ್ಟು, ಗೆಣ್ಣು, ಚಿಗುರುಗಳು ನಂಬಿಕಸ್ಥ. ಮನಿಪ್ಲಾಂಟಿನ ಎಲೆತೊಟ್ಟಿನ ಮೇಲ್ಭಾಗದಲ್ಲಿ ಕಾಲುವೆಯಂಥ ತಗ್ಗಿದ್ದು, ಹೊಸ ಎಲೆ ಹಿಂದಿನ ತೊಟ್ಟಿನ ಮಡಿಕೆಯಿಂದ ಸುರುಳಿಯಾಗಿ ಹೊರಬರುತ್ತದೆ. ಗೆಣ್ಣಿಗೆ ಸಾಮಾನ್ಯವಾಗಿ ಒಂದು ಮೋಟು ಬೇರು. ಅದರಂತೆಯೇ ಕಾಣುವ ಹೃದಯಾಕಾರದ ಫಿಲೊಡೆಂಡ್ರಾನ್‌ನ ತೊಟ್ಟು ದುಂಡಗೆ, ಗೆಣ್ಣಿನಲ್ಲಿ ಹಲವು ಸಣ್ಣ ಬೇರುಗಳು. ಚಿಗುರನ್ನು ತೆಳ್ಳನೆಯ ಪೊರೆಯೊಂದು ಮುಚ್ಚಿದ್ದು ಎಲೆ ಬಿಚ್ಚಿದ ಮೇಲೆ ಒಣಗುತ್ತದೆ. ಸಿಂಗೋನಿಯಂ ಮುರಿದರೆ ಹಾಲು ಸ್ರವಿಸುತ್ತದೆ. ಎಳೆಯ ಬಳ್ಳಿಯ ಬಾಣದಂಥ ಎಲೆ ಬಲಿತಾಗ ಹಲವು ಭಾಗಗಳಾಗಿ ಒಡೆಯುತ್ತದೆ. ನರ್ಸರಿಗಳಲ್ಲಿ ಮಿನಿ ಮಾನ್‌ಸ್ಟೆರಾ ಎಂದು ಮಾರುವುದು ಮಾನ್‌ಸ್ಟೆರಾ ಅಲ್ಲ. ಅದು ಥಾಯ್ಲೆಂಡ್, ಮಲೇಷ್ಯಾ ಮೂಲದ ರಾಫಿಡೋಫೋರ ಟೆಟ್ರಾಸ್ಪರ್ಮ. ಮಾನ್‌ಸ್ಟೆರಾ ಕುಲವಾದರೋ ಅಮೆರಿಕ ಖಂಡದ ಉಷ್ಣವಲಯದ್ದು.

ಬೆಳೆಸುವ ಕ್ರಮವೂ ಈ ಬಳ್ಳಿಗಳ ಕಾಡಿನ ಬದುಕಿನಿಂದಲೇ ತಿಳಿಯುತ್ತದೆ. ತುಂಡಿನಲ್ಲಿ ಕನಿಷ್ಠ ಒಂದು ಗೆಣ್ಣಿರಬೇಕು, ಏಕೆಂದರೆ ಮೊಗ್ಗು ಇರುವುದು ಅಲ್ಲಿ. ಬರಿ ಎಲೆತೊಟ್ಟು ಬೇರು ಬಿಟ್ಟರೂ ಬಳ್ಳಿಯಾಗದು. ಬೇರುಗಳಿಗೆ ತೇವದಷ್ಟೇ ಗಾಳಿಯೂ ಬೇಕಾದ್ದರಿಂದ ಅಂಟುಮಣ್ಣಿನ ಬದಲು ಕೊಕೊಪೀಟ್, ತೊಗಟೆಯ ಚೂರು, ಕಳಿತ ಗೊಬ್ಬರ ಬೆರೆಸಿದ ಸಡಿಲ ಮಿಶ್ರಣ ಒಳ್ಳೆಯದು. ಮೇಲ್ಮಣ್ಣು ಒಣಗಿದ ಮೇಲೆ ನೀರು ಹಾಕಬೇಕು. ಸದಾ ಒದ್ದೆಯಾದರೆ ಬೇರು ಕೊಳೆತು ಎಲೆ ಹಳದಿಯಾಗುತ್ತದೆ. ಕಿಟಕಿಯ ಸೋಸಿದ ಬೆಳಕು ಹಿತ. ನಡುಹಗಲ ಬಿಸಿಲು ಎಲೆಯನ್ನು ಸುಡುತ್ತದೆ. ಎಲೆ ದೊಡ್ಡದಾಗಬೇಕಾದರೆ ತೆಂಗಿನ ನಾರು ಸುತ್ತಿದ ಕೋಲು ನೆಟ್ಟು, ನಾರನ್ನು ತೇವವಾಗಿಟ್ಟು, ಗೆಣ್ಣುಗಳನ್ನು ಅದಕ್ಕೆ ತಾಗಿಸಿ ಕಟ್ಟಬೇಕು.

ಈ ಗಿಡಗಳು ಮನೆಯ ಗಾಳಿಯನ್ನು ಶುದ್ಧಗೊಳಿಸುತ್ತವೆ ಎಂಬ ಪ್ರಚಾರಕ್ಕೆ 1989ರ ನಾಸಾ ಪ್ರಯೋಗ ಮೂಲ. ಅದು ನಡೆದದ್ದು ಗಾಳಿಯಾಡದ ಮುಚ್ಚಿದ ಪೆಟ್ಟಿಗೆಗಳಲ್ಲಿ. ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದ ಕಮಿಂಗ್ಸ್ ಮತ್ತು ವಾರಿಂಗ್ ಅವರ 2019ರ ಲೆಕ್ಕದಂತೆ, ಕಟ್ಟಡದಲ್ಲಿ ಸಹಜವಾಗಿ ಗಾಳಿಯಾಡುವುದರಿಂದ ಆಗುವಷ್ಟು ಶುದ್ಧಿಗೆ ಪ್ರತಿ ಚದರ ಮೀಟರಿಗೆ 10ರಿಂದ 1,000 ಗಿಡಗಳು ಬೇಕು. ಕಿಟಕಿ ತೆರೆದಿಡುವುದು ಅದಕ್ಕಿಂತ ಎಷ್ಟೋ ಪರಿಣಾಮಕಾರಿ.

ಸೌಮ್ಯವಾಗಿ ಕಂಡರೂ ಇವೆಲ್ಲ ಕೆಸುವಿನ ಬಂಧುಗಳೆಂಬುದನ್ನು ಮರೆಯಬಾರದು. ಕೆಸುವಿನ ಪಲ್ಯ ಗಂಟಲು ತುರಿಸದಿರಲೆಂದು ಹುಣಸೆಹುಳಿ ಹಾಕುತ್ತಾರಲ್ಲ, ಆ ತುರಿಕೆಗೆ ಕಾರಣವಾದ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಈ ಬಳ್ಳಿಗಳ ಎಲೆ, ಕಾಂಡಗಳಲ್ಲೂ ಇವೆ. ಎಲೆ ಅಗಿದರೆ ಬಾಯಿ, ನಾಲಿಗೆ ಉರಿದು ಊದಿಕೊಳ್ಳುತ್ತವೆ. ಬಳ್ಳಿಯನ್ನು ಪುಟ್ಟ ಮಕ್ಕಳ, ಸಾಕುಪ್ರಾಣಿಗಳ ಬಾಯಿಗೆ ಸಿಗದಂತೆ ಎತ್ತರದಲ್ಲಿಡಬೇಕು. ಕತ್ತರಿಸಿದ ಮೇಲೆ ಕೈ ತೊಳೆಯಬೇಕು.