ಬೆಕ್ಕಿಗೂ ಬೇಕು ಬಾಲ್ಕನಿ ಟಿಕೆಟ್!

ಈ ವಾರದ ನಮ್ಮ ನಾಯಕನಿಗೆ ಸಂಭಾವನೆ ಇಲ್ಲ, ಮೇಕಪ್ ಇಲ್ಲ, ಕಟೌಟ್ ಇಲ್ಲ. ನಾಲ್ಕು ಕಾಲು, ಒಂದು ಬಾಲ, ಮೂತಿಯ ತುಂಬ ಮೀಸೆ. ಹೆಸರೇ ‘ಹೀರೋ’. ಬೆಂಗಳೂರಿನ ಒಂದು ಬಾಡಿಗೆ ಫ್ಲಾಟಿನ ನಾಲ್ಕನೇ ಮಹಡಿಯಲ್ಲಿ ನನ್ನ ಮತ್ತು ನನ್ನ ರೂಂಮೇಟ್ ಜೊತೆ ವಾಸ.

ಸಿನಿಮಾ ಪತ್ರಿಕೆಯಲ್ಲಿ ಬೆಕ್ಕಿನ ಪುರಾಣ ಯಾಕೆ ಅಂತೀರಾ? ಸ್ವಲ್ಪ ತಡೀರಿ. ಹಾಲಿವುಡ್‌ನಲ್ಲಿ ‘ಆರೆಂಜಿ’ ಅಂತ ಒಂದು ಕಿತ್ತಳೆ ಬಣ್ಣದ ಬೆಕ್ಕಿತ್ತು. ‘ರೂಬಾರ್ಬ್’ (1951) ಚಿತ್ರಕ್ಕೊಮ್ಮೆ, ಆಡ್ರಿ ಹೆಪ್‌ಬರ್ನ್ ನಟಿಸಿದ ‘ಬ್ರೇಕ್‌ಫಸ್ಟ್ ಅಟ್ ಟಿಫನೀಸ್’ (1961) ಚಿತ್ರಕ್ಕೊಮ್ಮೆ, ಪ್ರಾಣಿ ನಟರಿಗೆ ಕೊಡುವ ‘ಪ್ಯಾಟ್ಸಿ’ ಪ್ರಶಸ್ತಿಯನ್ನು ಎರಡೆರಡು ಸಲ ಬಾಚಿಕೊಂಡ ಭೂಪ! ‘ಗಾಡ್‌ಫಾದರ್’ (1972) ಚಿತ್ರದಲ್ಲಿ ಮರ್ಲಾನ್ ಬ್ರಾಂಡೋ ತೊಡೆ ಮೇಲೆ ಹೊರಳಾಡೋ ಬೆಕ್ಕು ಇದೆಯಲ್ಲ, ಅದು ಸ್ಟುಡಿಯೋದಲ್ಲಿ ಅಲೆದುಕೊಂಡಿದ್ದ ಬೀದಿ ಬೆಕ್ಕು. ನಿರ್ದೇಶಕ ಕಪ್ಪೋಲ ಹಿಡಿದು ತಂದು ಕೈಗಿತ್ತರು. ಅಷ್ಟೇ, ಸಿನಿಮಾಗೆ ಸೇರಿಬಿಡ್ತು. ಈಗ ಹೇಳಿ, ಬೆಕ್ಕು ಸ್ಟಾರ್ ಹೌದೋ ಅಲ್ಲವೋ?

ವಿಲನ್ ಪ್ರವೇಶ

ನಮ್ಮ ಹೀರೋ ಕತೆ ಸುಖವಾಗೇ ಸಾಗಿತ್ತು. ಹೋದ ಮಳೆಗಾಲದಲ್ಲಿ ರೂಂಮೇಟ್ ಮಹಾಶಯ ಮೆಟ್ಟಿಲ ಕೆಳಗೆ ನೆನೆಯುತ್ತಿದ್ದ ಇನ್ನೊಂದು ಬೆಕ್ಕನ್ನು ಎತ್ತಿಕೊಂಡು ಬಂದ. ಕಪ್ಪು ಮೈ, ಹಳದಿ ಕಣ್ಣು, ಒಂದು ಕಿವಿ ಹರಿದಿದೆ. ನೋಡಿದ ಕೂಡಲೇ ಹೆಸರು ಹೊಳೆಯಿತು, ‘ವಿಲನ್’. ಅಲ್ಲಿಂದ ಶುರುವಾಯ್ತು ಫೈಟಿಂಗು!

ಮನೆಯಲ್ಲಿ ಎತ್ತರದ ಜಾಗ ಅಂತ ಇದ್ದದ್ದು ಒಂದೇ, ಬೀರುವಿನ ನೆತ್ತಿ. ಅದು ವಿಲನ್ ಪಾಲಾಯ್ತು. ಹೀರೋ ಮಂಚದ ಕೆಳಗೆ ಸೇರಿದ. ಊಟಕ್ಕೆ ಹೊರಗೆ ಬಂದರೆ ಮೇಲಿಂದ ಒಂದು ನೆಗೆತ, ಒಂದು ಏಟು. ಎರಡು ವಾರ ಕಳೆಯುವಷ್ಟರಲ್ಲಿ ಹೀರೋ ಹಾಸಿಗೆ ಮೇಲೇ ಉಚ್ಚೆ ಹೊಯ್ಯತೊಡಗಿದ.

ಮೊದಲು ಪಶುವೈದ್ಯರ ಹತ್ತಿರ ಓಡಿದೆವು. ನೀವೂ ಅದನ್ನೇ ಮಾಡಿ. ಬೆಕ್ಕು ಕಂಡಕಂಡಲ್ಲಿ ಹೊಯ್ದರೆ ಸೊಕ್ಕು ಅಂತ ಬಯ್ಯಬೇಡಿ. ಅದು ರೋಗವೂ ಆಗಿರಬಹುದು. ಗಂಡು ಬೆಕ್ಕಿಗೆ ಮೂತ್ರ ಕಟ್ಟಿತೆಂದರೆ ಎರಡು ಮೂರು ದಿನದಲ್ಲಿ ಪ್ರಾಣಕ್ಕೇ ಸಂಚಕಾರ. ದೇವರ ದಯೆ, ಹೀರೋಗೆ ಅಂಥದ್ದೇನೂ ಇರಲಿಲ್ಲ. ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ:

“ನಿಮ್ಮನೇಲಿ ಬೆಕ್ಕು ಹತ್ತಿ ಕೂರೋಕೆ ಎಷ್ಟು ಜಾಗ ಇದೆ?”

ನಾವು ಮುಖ ಮುಖ ನೋಡಿಕೊಂಡೆವು. ಮನೆಗೆ ಬಂದ ಮೇಲೆ ರೂಂಮೇಟ್ ಮೆಲ್ಲಗೆ ಬಾಯಿ ಬಿಟ್ಟ. “ನೋಡು ಗುರೂ, ವಿಲನ್‌ನ ಮತ್ತೆ ಬೀದಿಗೆ ಬಿಡೋಕೆ ನನ್ನ ಕೈಲಾಗಲ್ಲ. ಹೀರೋನ ನಿಮ್ಮೂರಿಗೆ ಕಳಿಸಿಬಿಡು.”

ಎದೆ ಧಸಕ್ ಅಂತು. ಐದು ವರ್ಷದಿಂದ ನನ್ನ ಹೊಟ್ಟೆ ಮೇಲೆ ಮಲಗಿದ ಪ್ರಾಣಿ ಸ್ವಾಮೀ ಅದು! “ಒಂದು ತಿಂಗಳು ಟೈಂ ಕೊಡು” ಅಂದೆ.

ಗಾಂಧಿ ಕ್ಲಾಸಿನ ನೋವು

ಹಳೇ ಟಾಕೀಸುಗಳಲ್ಲಿ ಗಾಂಧಿ ಕ್ಲಾಸಿನಲ್ಲಿ ಕೂತು ಕತ್ತು ನೋಯಿಸಿಕೊಂಡವರಿಗೆ ಬಾಲ್ಕನಿಯ ಬೆಲೆ ಗೊತ್ತು. ಬೆಕ್ಕಿಗೂ ಅಷ್ಟೇ. ಅದು ಇಲಿಗೆ ಬೇಟೆಗಾರ, ನಾಯಿಗೆ ಬೇಟೆ. ಯಾರು ಬಂದರು, ಯಾರು ಹೋದರು ಅಂತ ಮೇಲಿಂದ ನೋಡುತ್ತಾ ಕೂರೋಕೆ ಜಾಗ ಸಿಕ್ಕರೆ ಅದರ ಅರ್ಧ ಭಯ ಇಳಿದಂತೆ. ನಾವು ಮನೆಯನ್ನು ಚದರಡಿಯಲ್ಲಿ ಅಳೀತೀವಿ, ಬೆಕ್ಕು ಎತ್ತರವನ್ನೂ ಸೇರಿಸಿ ಅಳೆಯುತ್ತೆ. ಅಮೆರಿಕದ ಬೆಕ್ಕು ವೈದ್ಯರ ಸಂಘ ಮತ್ತು ಬೆಕ್ಕು ವೈದ್ಯರ ಅಂತರರಾಷ್ಟ್ರೀಯ ಸಂಸ್ಥೆ ಜೊತೆಗೂಡಿ 2013ರಲ್ಲಿ ಹೊರತಂದ ಸೂಚನೆಗಳಲ್ಲಿ ಮೊದಲನೆಯದೇ ಸುರಕ್ಷಿತ ಜಾಗ. ಅಂಥ ಜಾಗ ಎತ್ತರದಲ್ಲಿದ್ದರೆ ಒಳ್ಳೇದು, ಒಂದಕ್ಕಿಂತ ಹೆಚ್ಚು ಬೆಕ್ಕಿದ್ದರೆ ಜಾಗಗಳೂ ಹೆಚ್ಚಿರಬೇಕು, ದೂರ ದೂರ ಇರಬೇಕು ಅನ್ನುತ್ತೆ ಅದು.

ಸರಿ, ಬೆಕ್ಕಿಗೊಂದು ‘ಮರ’ ತರೋಣ ಅಂತ ನಿರ್ಧಾರವಾಯ್ತು. ಕಂಬ, ಕಂಬಕ್ಕೆ ಹಲಗೆ, ತುದಿಯಲ್ಲೊಂದು ಪೀಠ. ಇದೇ ಬೆಕ್ಕಿನ ಮರ.

ಮೊದಲ ಚಿತ್ರ ಫ್ಲಾಪ್!

ನಾನು ಬಣ್ಣಕ್ಕೆ ಮರುಳಾದೆ. ಐದೂವರೆ ಅಡಿ ಎತ್ತರ, ಮೈತುಂಬ ಗುಲಾಬಿ ತುಪ್ಪಳ, ತೂಗುವ ಚೆಂಡು, ಪುಟ್ಟ ಗೂಡು. ಆದರೆ ಕಂಬ ಸಣಕಲು, ಬುಡ ಒಂದೇ ಒಂದು ಅಡಿ ಅಗಲ. ಭಾನುವಾರ ಜೋಡಿಸಿ ನಿಲ್ಲಿಸಿದೆ. ಹೀರೋ ಮಂಚದ ಕೆಳಗಿಂದ ಇಣುಕಿದ, ಬಂದ, ಮೂಸಿದ, ಒಂದೇ ನೆಗೆತಕ್ಕೆ ತುದಿ ಮುಟ್ಟಿದ. ನಾನು ಶಿಳ್ಳೆ ಹೊಡೆಯೋಕೆ ಬಾಯಿಗೆ ಬೆರಳಿಟ್ಟೆ. ಅಷ್ಟರಲ್ಲಿ ಮರ ವಾಲಿತು.... ಧಡಾರ್!

ಹೀರೋಗೆ ಏಟು ಬೀಳಲಿಲ್ಲ. ಆದರೆ ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡರೆ ಓಡುತ್ತಿತ್ತಲ್ಲ, ಹಾಗೆ ಆ ಮರ ಕಂಡರೆ ಓಟ ಕೀಳತೊಡಗಿದ. ಬಿಡುಗಡೆಯ ದಿನವೇ ಚಿತ್ರ ಡಬ್ಬ ಸೇರಿತು. ರೂಂಮೇಟ್ ಮಾತಾಡಲಿಲ್ಲ, ಕ್ಯಾಲೆಂಡರ್ ಕಡೆ ನೋಡಿದ.

ಬಡಗಿಯೇ ನಿರ್ದೇಶಕ

ಎರಡನೇ ಸಲ ನಮ್ಮ ಗಲ್ಲಿಯ ಬಡಗಿಯ ಹತ್ತಿರ ಹೋದೆ. ಡಾಕ್ಟರನ್ನು ಮತ್ತೆ ಕೇಳಿ ಬರೆದುಕೊಂಡಿದ್ದ ಚೀಟಿ ಕೈಯಲ್ಲಿತ್ತು. ಆ ಚೀಟಿ ನಿಮಗೂ ಬೇಕಾಗಬಹುದು, ನೋಡಿಕೊಳ್ಳಿ.

ಬುಡ: ಎರಡಡಿಗೆ ಎರಡಡಿ. 18 ಮಿಲಿಮೀಟರ್ ಪ್ಲೈವುಡ್ ಎರಡು ಪದರ. ನಾಲ್ಕೈದು ಕಿಲೋ ಬೆಕ್ಕು ಓಡಿ ಬಂದು ಹಾರಿದರೂ ಮರ ಅಲುಗಬಾರದು. ಅಂಗಡಿಯಲ್ಲೇ ಕೊಳ್ಳುವುದಾದರೆ ತುದಿಗೆ ಕೈಯಿಟ್ಟು ಜೋರಾಗಿ ತಳ್ಳಿ ನೋಡಿ. ಓಲಾಡಿದರೆ ದುಡ್ಡು ಜೇಬಲ್ಲೇ ಇರಲಿ.

ಗೋಡೆಯ ಹಿಡಿತ: ಬುಡ ಎಷ್ಟೇ ಗಟ್ಟಿಯಿರಲಿ, ಐದಡಿ ದಾಟಿದ ಮರವನ್ನು ಎಲ್ ಆಕಾರದ ಕಬ್ಬಿಣದ ಪಟ್ಟಿಯಿಂದ ಗೋಡೆಗೆ ಬಿಗಿಯಬೇಕು. ಮನೆ ಓನರಿಗೆ ಮೊದಲೇ ಹೇಳಿ. ಎರಡು ತೂತಿಗೆ ಯಾರೂ ಮನೆ ಖಾಲಿ ಮಾಡಿಸಲ್ಲ.

ಕಂಬ: ಕನಿಷ್ಠ ಮೂರಡಿ, ನಡುವೆ ಹಲಗೆ ಅಡ್ಡ ಬರಬಾರದು. ಬೆಕ್ಕು ಹಿಂಗಾಲ ಮೇಲೆ ನಿಂತು ಮೈ ಪೂರ್ತಿ ಚಾಚಿ ಪರಚಬೇಕು. ಪರಚುವುದು ತುಂಟತನ ಅಲ್ಲ ಸ್ವಾಮಿ. ಉಗುರಿನ ಹಳೇ ಪೊರೆ ಕಳಚೋದು, ಮೈ ಮುರಿಯೋದು, ಪಂಜದ ವಾಸನೆ ಬಿಟ್ಟು ‘ಇದು ನನ್ನ ಏರಿಯಾ’ ಅಂತ ಸಾರೋದು, ಎಲ್ಲಾ ಅದರಲ್ಲೇ. ತುಪ್ಪಳದ ಬದಲು ಕತ್ತಾಳೆ ನಾರಿನ ಹಗ್ಗ ಸುತ್ತಿಸಿ. ನಾಲ್ಕಿಂಚು ದಪ್ಪದ ಮೂರಡಿ ಕಂಬಕ್ಕೆ 10 ಮಿಲಿಮೀಟರ್ ಹಗ್ಗವಾದರೆ ಸುಮಾರು 31 ಮೀಟರ್ ಬೇಕು. ಸವೆದಾಗ ಹಗ್ಗ ಮಾತ್ರ ಬದಲಿಸಿದರಾಯ್ತು.

ಪೀಠ: 16 ಇಂಚಿಗೆ 20 ಇಂಚು, ಸುತ್ತ ಎರಡಿಂಚಿನ ಅಂಚು. ಬೆಕ್ಕು ಕೂತರೆ ಸಾಲದು, ಕಾಲು ಚಾಚಿ ಮಲಗಬೇಕು.

ಮೆಟ್ಟಿಲು: ಹಲಗೆಯಿಂದ ಹಲಗೆಗೆ 14 ಇಂಚು, ಒಂದು ಎಡಕ್ಕೆ, ಒಂದು ಬಲಕ್ಕೆ. ಮುದಿ ಬೆಕ್ಕಿಗೆ ಇನ್ನೂ ಹತ್ತಿರ ಇಡಿಸಿ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್‌ರೇ ನೋಡಿದಾಗ 90 ಬೆಕ್ಕುಗಳಲ್ಲಿ ಕೀಲು ಸವೆದ ಗುರುತಿತ್ತು. ಮುದುಕಪ್ಪ ಮೇಲೆ ಹತ್ತುತ್ತಿಲ್ಲ ಅಂದರೆ ಅದು ಸೋಮಾರಿತನ ಅಲ್ಲ, ಮಂಡಿನೋವು ಇರಬಹುದು.

ಎಲ್ಲಿಡಬೇಕು ಮಾರಾಯ್ರೇ?

ಮರ ಎಷ್ಟೇ ಚೆನ್ನಾಗಿರಲಿ, ಇಟ್ಟ ಜಾಗ ಕೆಟ್ಟರೆ ಚಿತ್ರ ಓಡಲ್ಲ. ಮೊದಲು ತಲೆ ಎತ್ತಿ ನೋಡಿ, ಸೀಲಿಂಗ್ ಫ್ಯಾನ್! 48 ಇಂಚಿನ ಫ್ಯಾನಿನ ರೆಕ್ಕೆ ನಡುವಿನಿಂದ ಎರಡಡಿ ಚಾಚಿರುತ್ತೆ. ಬೆಕ್ಕು ಪೀಠದ ಮೇಲೆ ನಿಂತು ನೊಣದ ಮೇಲೆ ಹಾರಿತು ಅಂದರೆ? ನಾವು ಫ್ಯಾನಿನ ನಡುವಿನಿಂದ ಆರಡಿ ದೂರ ಇಟ್ಟೆವು.

ಆಮೇಲೆ ಕಿಟಕಿ. ಕಾಗೆ, ಅಳಿಲು, ಬೀದಿಯ ಓಡಾಟ.... ಬೆಕ್ಕಿಗೆ ಅದೇ ಸಿನಿಮಾ. ಆದರೆ ಕಿಟಕಿಗೆ ಗಟ್ಟಿ ಮೆಷ್ ಇಲ್ಲದೆ ಮರ ಇಡಲೇಬೇಡಿ. ಸರಳಿನ ಸಂದಿಯಲ್ಲಿ ಬೆಕ್ಕು ನೀರಿನಂತೆ ಜಾರುತ್ತೆ. 1987ರಲ್ಲಿ ಪ್ರಕಟವಾದ ವರದಿಯೊಂದರಲ್ಲಿ, ಕಟ್ಟಡಗಳಿಂದ ಬಿದ್ದು ನ್ಯೂಯಾರ್ಕಿನ ಒಂದು ಪ್ರಾಣಿ ಆಸ್ಪತ್ರೆಗೆ ಐದೇ ತಿಂಗಳಲ್ಲಿ ಬಂದ 132 ಬೆಕ್ಕುಗಳ ಲೆಕ್ಕವಿದೆ. ಚಿಕಿತ್ಸೆ ಸಿಕ್ಕವುಗಳಲ್ಲಿ ನೂರಕ್ಕೆ 90 ಬದುಕಿದವು. ‘ಬೆಕ್ಕಿಗೆ ಒಂಬತ್ತು ಜೀವ’ ಅಂತ ಮೆರೆಯಬೇಡಿ. ಬಿದ್ದ ಜಾಗದಲ್ಲೇ ಸತ್ತದ್ದನ್ನು ಆಸ್ಪತ್ರೆಗೆ ಯಾರು ಹೊತ್ತು ತರುತ್ತಾರೆ?

ಮರವನ್ನು ಮೂಲೆ ಕೋಣೆಗೆ ತಳ್ಳಬೇಡಿ. ಮನೆಯವರು ಕೂರುವ ಕಡೆಯೇ ಬೆಕ್ಕಿಗೂ ಇರಬೇಕು. ಮಿಕ್ಸಿ, ವಾಷಿಂಗ್ ಮಷೀನ್ ಪಕ್ಕ ಬೇಡ.

ಕೊನೆಯ ಮಾತೇ ಮುಖ್ಯ. ಇಬ್ಬರು ಸ್ಟಾರುಗಳಿಗೆ ಒಂದೇ ಮೇಕಪ್ ರೂಂ ಕೊಟ್ಟರೆ ಶೂಟಿಂಗ್ ನಡೆಯುತ್ತಾ? ಬೆಕ್ಕು ಎರಡಿದ್ದರೆ ಎತ್ತರದ ಪೀಠವೂ ಎರಡಿರಲಿ. ಮರದಿಂದ ಇಳಿಯೋ ದಾರಿಯೂ ಎರಡಿರಲಿ. ಒಬ್ಬ ಅಡ್ಡಗಟ್ಟಿದರೆ ಇನ್ನೊಬ್ಬ ಪಾರಾಗಬೇಕು. ನಾವು ಬೀರುವನ್ನು ವಿಲನ್‌ಗೇ ಬಿಟ್ಟು, ಎದುರು ಗೋಡೆಗೆ ಹೀರೋ ಮರ ಬಿಗಿದೆವು.

ಕ್ಲೈಮ್ಯಾಕ್ಸ್

ಹೀರೋ ಹತ್ತಲಿಲ್ಲ. ಎತ್ತಿ ಕೂರಿಸುವ ತಪ್ಪು ನಾವು ಮಾಡಲಿಲ್ಲ, ಬಲವಂತ ಮಾಡಿದರೆ ಭಯ ಇಮ್ಮಡಿ. ಅವನು ಮಲಗುತ್ತಿದ್ದ ಹಳೇ ಟವೆಲನ್ನು ಪೀಠಕ್ಕೆ ಹಾಸಿದೆವು. ಬೇಯಿಸಿದ ಕೋಳಿಯ ಚೂರನ್ನು ಮೊದಲ ದಿನ ಬುಡದಲ್ಲಿ, ಮೂರನೇ ದಿನ ಮೊದಲ ಹಲಗೆಯಲ್ಲಿ ಇಟ್ಟೆವು. ಬುಡ ಮುಟ್ಟಿದ, ಓಡಿದ. ಮೊದಲ ಹಲಗೆ ಹತ್ತಿದ, ಇಳಿದ. ತಿಂಗಳಲ್ಲಿ ಉಳಿದದ್ದು ನಾಲ್ಕು ದಿನ.

ಒಂದು ಬೆಳಗಿನ ಜಾವ ಎಚ್ಚರವಾಯ್ತು. ಮಂಚದ ಕೆಳಗೆ ಬಗ್ಗಿ ನೋಡಿದೆ, ಖಾಲಿ! ತಲೆ ಎತ್ತಿದರೆ ಹೀರೋ ತುದಿಯ ಪೀಠದಲ್ಲಿ ಕಾಲು ಚಾಚಿ, ಕಿಟಕಿಯಾಚೆಯ ಕಾಗೆ ನೋಡುತ್ತಾ ಮಲಗಿದ್ದ. ಎದುರು ಬೀರುವಿನ ಮೇಲೆ ವಿಲನ್. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ವಿಲನ್ ಆಕಳಿಸಿ ಮುಖ ತಿರುಗಿಸಿದ. ಫೈಟಿಂಗ್ ಇಲ್ಲ!

ಈಗಲೂ ಅವರಿಬ್ಬರು ಗೆಳೆಯರೇನಲ್ಲ. ಆಗೊಮ್ಮೆ ಈಗೊಮ್ಮೆ ಗುರ್ ಅಂತಾರೆ. ಆದರೆ ಹಾಸಿಗೆ ಒಣಗಿದೆ, ಹೀರೋ ನಡುಮನೆಯಲ್ಲೇ ಊಟ ಮಾಡ್ತಾನೆ.

“ಹೀರೋನ ಊರಿಗೆ ಯಾವಾಗ ಕಳಿಸಲಿ?” ಅಂತ ರೂಂಮೇಟನ್ನು ಕೆಣಕಿದೆ. ಅವನು ಹೀರೋ ಬೆನ್ನು ಸವರುತ್ತಾ ಅಂದ, “ಬಾಲ್ಕನಿ ಟಿಕೆಟ್ ತಗೊಂಡು ಕೂತೋರನ್ನ ಮಧ್ಯದಲ್ಲಿ ಎಬ್ಬಿಸ್ತಾರೇನೋ?”

ಏನಂತೀರಿ?